ಮೂರು ಮಾರು

ನನ್ನ ಲೆನ್ಸನ್ನು ನೋಡಬೇಕೆಂದು ಯಾರಾದರೂ ಕೇಳಿದರೆ ನಾನು ಮೊದಲು ಅವರ ಬೆರಳು ನೋಡುತ್ತೇನೆ. ಎಣ್ಣೆ, ಸುಣ್ಣ, ಬೆವರು ಯಾವುದಿದ್ದರೂ ಕೈಗೆ ಕೊಡುವುದಿಲ್ಲ. ಇದರಿಂದಾಗಿ ಕೊಪ್ಪದಲ್ಲಿ ನನಗೆ ಜಂಭದವನೆಂದು ಹೆಸರಿದೆ. ಇರಲಿ. ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರಿಗೆ ಜಂಭಪಡಲು ಬೇರೇನು ತಾನೇ ಇರುತ್ತದೆ?

ಅದು ಐವತ್ತು ಮಿಲಿಮೀಟರಿನ ರಷ್ಯಾ ಲೆನ್ಸು. ಇಂಥದ್ದನ್ನು ಸ್ಟ್ಯಾಂಡರ್ಡ್ ಲೆನ್ಸ್ ಅನ್ನುತ್ತಾರೆ. ದೂರದ್ದನ್ನು ಹತ್ತಿರಕ್ಕೆ ಎಳೆಯುವುದಿಲ್ಲ, ಕೋಣೆಯನ್ನು ಅಂಗಳದಷ್ಟು ಹಿಗ್ಗಿಸುವುದೂ ಇಲ್ಲ, ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತದೆ. ಅಂಗೈಯಲ್ಲಿ ಮುಚ್ಚಿಕೊಳ್ಳಬಹುದಾದಷ್ಟು ಚಿಕ್ಕದು. ಅಲ್ಯುಮಿನಿಯಂ ಮೈ, ಗಾಜಿನೊಳಗೆ ನೇರಳೆಯ ಹೊಳಪು. ಅದರ ರಿಂಗನ್ನು ತಿರುಗಿಸುವಾಗ ಬೆಣ್ಣೆಯಲ್ಲಿ ಬೆರಳಾಡಿಸಿದಂತಾಗುತ್ತದೆ. ಕ್ಲಾಸಿನಲ್ಲಿ ತಲೆ ಕೆಟ್ಟ ದಿನ ಮನೆಗೆ ಬಂದು, ಫೋಟೋ ತೆಗೆಯದೆ ಸುಮ್ಮನೆ ಆ ರಿಂಗು ತಿರುಗಿಸುತ್ತಾ ಕೂತದ್ದೂ ಉಂಟು. ಅದರ ಮೇಲೆ ನನಗೆ ಪ್ರೀತಿ. ಇದನ್ನು ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಲೆನ್ಸು ಕೂತಿರುವ ಕ್ಯಾಮೆರಾ ರೇಂಜ್‌ಫೈಂಡರ್ ಜಾತಿಯದು. ಅದರ ಕಿಂಡಿಗೆ ಕಣ್ಣಿಟ್ಟರೆ ಎದುರಿನ ಮನುಷ್ಯ ಇಬ್ಬರಾಗಿ ಕಾಣುತ್ತಾನೆ, ಒಬ್ಬ ಗಟ್ಟಿ, ಇನ್ನೊಬ್ಬ ತೆಳು. ರಿಂಗು ತಿರುಗಿಸುತ್ತಾ ಹೋದರೆ ತೆಳುವಿನವನು ಮೆಲ್ಲಗೆ ಸರಿದು ಬಂದು ಗಟ್ಟಿಯವನೊಳಗೆ ಸೇರಿಕೊಳ್ಳುತ್ತಾನೆ. ಇಬ್ಬರೂ ಒಂದಾದರೆ ಫೋಕಸ್ ಆಯಿತೆಂದು ಲೆಕ್ಕ. ಆದರೆ ಆ ಕಿಂಡಿ ಲೆನ್ಸಿನ ಮೂಲಕ ನೋಡುವುದಿಲ್ಲ, ಅದರ ಕಣ್ಣೇ ಬೇರೆ. ಲೆನ್ಸು ನಿಜಕ್ಕೂ ಏನನ್ನು ನೋಡಿತು ಎಂಬುದು ಫಿಲ್ಮ್ ತೊಳೆಯುವ ತನಕ ಯಾರಿಗೂ ತಿಳಿಯುವುದಿಲ್ಲ. ಈ ಒಂದು ಮಾತನ್ನು ನೆನಪಿಟ್ಟುಕೊಳ್ಳಿ. ನಾನು ಎಂಟು ವರ್ಷ ನೆನಪಿಟ್ಟುಕೊಳ್ಳಲಿಲ್ಲ.

ಕ್ಯಾಮೆರಾ ಕೊಟ್ಟವರು ಶೃಂಗೇರಿಯ ಉಮಾಮಹೇಶ್ವರರು, ಫೋಟೋದ ಹುಚ್ಚು ಹಿಡಿಸಿಕೊಂಡ ಬೇಸಾಯಗಾರರು. ಎಪ್ಪತ್ತರ ದಶಕದಲ್ಲಿ ಅವರು ಅದನ್ನು ಮಂಗಳೂರಿನಲ್ಲಿ ಹಡಗಿನವನೊಬ್ಬನಿಂದ ಕೊಂಡಿದ್ದರು. ೧೯೯೮ರಲ್ಲಿ ಕಣ್ಣಿಗೆ ಪೊರೆ ಬಂದು, ಕಿಂಡಿಯಲ್ಲಿ ಇಬ್ಬರ ಬದಲು ನಾಲ್ವರು ಕಾಣತೊಡಗಿದಾಗ ನನ್ನನ್ನು ಕರೆಸಿ ಕೈಗಿಟ್ಟರು. ಜೊತೆಗೆ ಗಂಟು ಹಾಕಿದ ಒಂದು ಹಗ್ಗವನ್ನೂ ಕೊಟ್ಟರು.

“ರಿಂಗಿನ ಮೇಲೆ ಒಂದು, ಎರಡು, ಮೂರು ಅಂತ ಉಂಟಲ್ಲ, ಅದು ಎಂತ ಗೊತ್ತುಂಟಾ?” ಎಂದು ಕೇಳಿದರು.

“ದೂರ ಇರಬೇಕು.”

“ದೂರವೇ. ಆದ್ರೆ ಮಾರಿನ ಲೆಕ್ಕ ಮಾರಾಯ. ಮೂರಕ್ಕೆ ಇಟ್ರೆ ಮೂರು ಮಾರು. ಹಗ್ಗ ಬಿಟ್ಟು ಫೋಟೋ ತೆಗೀಬೇಡ.”

ಮಾರು ಎಂದರೆ ಎರಡೂ ಕೈ ಚಾಚಿದಷ್ಟು ಉದ್ದ, ಹೂ ಮಾರುವವರು ಅಳೆಯುವಂಥದ್ದು. ಉಮಾಮಹೇಶ್ವರರು ಎತ್ತರದ ಆಳು, ಅವರ ಮಾರು ಸರಿಯಾಗಿ ಆರಡಿ. ಹಗ್ಗದಲ್ಲಿ ಆರಡಿಗೊಂದು ಗಂಟು. ರಿಂಗಿನ ಮೇಲೆ ಅಂಕಿಗಳ ಪಕ್ಕ ಏನೋ ಅಕ್ಷರವಿದ್ದು ಸವೆದು ಹೋಗಿತ್ತು. ಉಳಿದದ್ದೆಲ್ಲ ರಷ್ಯನ್.

ಅನುಮಾನ ಬರಲಿಲ್ಲವೇ ಎಂದರೆ, ಬಂತು. ಮನೆಗೆ ತಂದ ದಿನವೇ ಹಗ್ಗವನ್ನು ಗೋಡೆಯ ಮೊಳೆಗೆ ಕಟ್ಟಿ, ಮೂರನೇ ಗಂಟಿನಲ್ಲಿ ನಿಂತು, ಕಿಂಡಿಯೊಳಗೆ ಎರಡು ಮೊಳೆ ಒಂದಾಗುವ ತನಕ ರಿಂಗು ತಿರುಗಿಸಿದೆ. ಅದು ಕರಾರುವಾಕ್ಕಾಗಿ ಮೂರಕ್ಕೆ ಬಂದು ನಿಂತಿತು. ಹಗ್ಗ ಒಂದು ಸಾಕ್ಷಿ, ಕಿಂಡಿ ಇನ್ನೊಂದು ಸಾಕ್ಷಿ. ಇಬ್ಬರೂ ಒಂದೇ ಮಾತು ಹೇಳಿದ ಮೇಲೆ ನಾನು ಯಾರು ಅಲ್ಲವೆನ್ನಲಿಕ್ಕೆ?

ಚಿತ್ರಗಳು ಮಾತ್ರ ಒಂದು ತರಹ ಬರುತ್ತಿದ್ದವು. ಉರಿಬಿಸಿಲಿನಲ್ಲಿ ತೆಗೆದವು ಪರವಾಗಿಲ್ಲ. ಜಗಲಿಯಲ್ಲಿ, ನೆರಳಲ್ಲಿ, ಬೆಳಕು ಕಡಿಮೆಯೆಂದು ಲೆನ್ಸಿನ ಬಾಯಿಯನ್ನು ಪೂರ್ತಿ ತೆರೆದು ತೆಗೆದರೆ, ಯಾರನ್ನು ತೆಗೆದೆನೋ ಅವರು ಮಸುಕಾಗಿ, ಅವರ ಮುಂದೆ ಇದ್ದದ್ದು ಸ್ಪಷ್ಟವಾಗಿ ಬರುತ್ತಿತ್ತು. ಜಯಪುರದ ಮಲ್ಲೇಶಪ್ಪನವರ ಮುಖ ಹೊಗೆಯ ಹಾಗೆ, ಅವರ ಕಾಲ ಮುಂದೆ ಮಲಗಿದ್ದ ನಾಯಿಯ ಮೀಸೆಯನ್ನು ಒಂದೊಂದಾಗಿ ಎಣಿಸಬಹುದು. ಈ ಕಡೆ ಫೋಟೋ ಎಂದರೆ ಗಂಡಸರು ಹಿಂದೆ ಬಾಗಿಲಲ್ಲಿ ನೆಟ್ಟಗೆ ನಿಲ್ಲುತ್ತಾರೆ, ಹೆಂಗಸರು ಮುಂದೆ ಏನೋ ಕೆಲಸ ಹಿಡಿದು ಕೂತಿರುತ್ತಾರೆ. ಹೀಗಾಗಿ ನನ್ನ ಪೆಟ್ಟಿಗೆಯಲ್ಲಿ ಹೇಳಿ ಕಳಿಸಿ ಫೋಟೋ ತೆಗೆಸಿಕೊಂಡ ಗಂಡಸರೆಲ್ಲ ಮಸುಕು. ತೆಗೆಯಬೇಡಿ ಎಂದ ಹೆಂಗಸರು, ಯಾರೂ ಕೇಳದ ಕೋಳಿಗಳು ಎಲ್ಲ ಸ್ಪಷ್ಟ.

ಬೇರೆ ಯಾರಾದರೂ ಆಗಿದ್ದರೆ ರಿಪೇರಿಗೆ ಕೊಡುತ್ತಿದ್ದರು. ನಾನು ಸಿದ್ಧಾಂತ ಕಟ್ಟಿದೆ. “ಈ ಲೆನ್ಸು ಮುಖವನ್ನು ಕೊರೆಯುವುದಿಲ್ಲ, ಸವರುತ್ತದೆ” ಎಂದು ಸ್ಟಾಫ್ ರೂಮಿನಲ್ಲಿ ಹೇಳುತ್ತಿದ್ದೆ. ಇದಕ್ಕೆ ಇದರದೇ ಒಂದು ಸ್ವಭಾವವಿದೆ, ದೊಡ್ಡಸ್ತಿಕೆಯವರ ಕಡೆ ನೋಡುವುದಿಲ್ಲ ಎನ್ನುತ್ತಿದ್ದೆ. ವಿಜ್ಞಾನದ ಮೇಡಂ ಒಬ್ಬರು ಒಮ್ಮೆ, “ಫೋಕಸ್ ಸರಿ ಇಲ್ವೇನೋ ನೋಡಿ ಸಾರ್” ಅಂದರು. ಅವರೊಡನೆ ಹದಿನೈದು ದಿನ ಮಾತು ಬಿಟ್ಟೆ.

ಇಷ್ಟೆಲ್ಲ ಪೀಠಿಕೆ ಭಂಡಿಗಡಿಯ ಬೈರಪ್ಪನ ಸಲುವಾಗಿ.

ಬೈರಪ್ಪನ ಮಗಳು ಭವ್ಯ ನನ್ನ ಶಿಷ್ಯೆ. ೨೦೦೩ರ ಡಿಸೆಂಬರಿನಲ್ಲಿ ಅವಳು ಬಂದು, “ಅಪ್ಪಯ್ಯಂದು ಒಂದೂ ಫೋಟೋ ಇಲ್ಲ ಸಾರ್, ಓಟಿನ ಕಾರ್ಡಿಂದು ಬಿಟ್ರೆ. ಕ್ಯಾಮೆರಾ ಕಂಡ್ರೆ ತ್ವಾಟದ ಕಡೆ ಹೋಗಿಬಿಡ್ತಾರೆ” ಅಂದಳು. ಭಾನುವಾರ ಮಧ್ಯಾಹ್ನ ಹೋದೆ. ಬೈರಪ್ಪನಿಗೆ ತಪ್ಪಿಸಿಕೊಳ್ಳಲು ಹೊತ್ತಿರಲಿಲ್ಲ. ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಜಗಲಿಯ ಬಾಗಿಲಲ್ಲಿ ದಸ್ತಗಿರಿಯಾದವನಂತೆ ನಿಂತ. ಅವನ ಹೆಂಡತಿ ವನಜಮ್ಮ ಕೆಳಗೆ ಮೆಟ್ಟಿಲಿನಲ್ಲಿ ಕೂತು ಮೊರದಲ್ಲಿ ಕಾಫಿ ಹಣ್ಣು ಆರಿಸುತ್ತಿದ್ದರು.

ನಾನು ಹಗ್ಗ ತೆಗೆದೆ. ಒಂದು ತುದಿಯನ್ನು ಭವ್ಯ ಅಪ್ಪನ ಎದೆಗೆ ಹಿಡಿದಳು. ನಾನು ಅಂಗಳದಲ್ಲಿ ಹಿಂದೆ ಹಿಂದೆ ಸರಿದು ಮೂರನೇ ಗಂಟಿಗೆ ನಿಂತೆ. ವನಜಮ್ಮ ನಮ್ಮಿಬ್ಬರ ನಡುವೆ, ಕೆಳಗೆ ಎಡಮೂಲೆಯಲ್ಲಿ ಬರುತ್ತಿದ್ದರು.

“ಅಮ್ಮಾ, ನೀವು ಸ್ವಲ್ಪ ಆ ಕಡೆ ಹೋಗ್ತೀರಾ?”

“ನಾ ಎಲ್ಲಿ ಅಡ್ಡ ಬಂದೆ? ಅವ್ರು ಮ್ಯಾಲ್ ನಿಂತಾರೆ. ನೀವು ತೆಗೀರಿ” ಅಂದರು, ಮೊರದಿಂದ ಕಣ್ಣೆತ್ತದೆ.

ಫಿಲ್ಮಿನಲ್ಲಿ ಉಳಿದದ್ದು ಕೊನೆಯ ಒಂದೇ ಚಿತ್ರ. ಕಿಂಡಿಯಲ್ಲಿ ಇಬ್ಬರು ಬೈರಪ್ಪಂದಿರು ಕಂಡರು. ತಿರುಗಿಸಿದೆ, ಒಬ್ಬನಾದ. ರಿಂಗು ಮೂರರಲ್ಲಿತ್ತು. ಬೆಣ್ಣೆಯಂಥ ರಿಂಗು, ಎರಡು ಸಾಕ್ಷಿ, ಒಬ್ಬ ಮನುಷ್ಯ. ಆ ಕ್ಷಣದ ಸುಖ ಫೋಟೋ ತೆಗೆಯದವರಿಗೆ ಹೇಳಿದರೆ ಅರ್ಥವಾಗುವುದಿಲ್ಲ. ಅಷ್ಟರಲ್ಲಿ ಬೈರಪ್ಪ ತುಟಿ ಅಲ್ಲಾಡಿಸದೆ ಏನೋ ಗೊಣಗಿದ. ವನಜಮ್ಮ ಥಟ್ಟನೆ ತಲೆ ಎತ್ತಿ ಬಾಯಿ ತೆರೆದರು. ನಾನು ಒತ್ತಿಬಿಟ್ಟೆ.

ಹಾಳು ಮಾಡಿದಳಲ್ಲ ಹೆಂಗಸು ಎಂದು ಬೈದುಕೊಂಡೇ ಬಸ್ಸು ಹತ್ತಿದೆ.

ನಮ್ಮ ಮನೆಯ ಬಚ್ಚಲಿನಲ್ಲೇ ನಾನು ಕಪ್ಪು ಬಿಳುಪಿನ ಪ್ರಿಂಟು ಹಾಕುತ್ತೇನೆ. ಮೂಲೆಯ ವನಜಮ್ಮನನ್ನು ಕತ್ತರಿಸಿ ಬೈರಪ್ಪನನ್ನಷ್ಟೇ ದೊಡ್ಡದು ಮಾಡಿದೆ. ಕಣ್ಣು ಎರಡು ನೆರಳು, ಮೂಗು ಇದೆಯೆಂದು ನಂಬಬೇಕು. ನನಗೆ ಬಹಳ ಹಿಡಿಸಿತು. ‘ಮಲೆನಾಡಿಗ’ ಎಂದು ಹೆಸರಿಟ್ಟು ನರಸಿಂಹರಾಜಪುರದಲ್ಲಿ ನಡೆದ ಒಂದು ಪ್ರದರ್ಶನಕ್ಕೆ ಕಳಿಸಿದೆ. ಎರಡನೇ ಬಹುಮಾನ ಬಂತು. ತನ್ನ ಮುಖವನ್ನು ಬಿಟ್ಟುಕೊಡದ ಮನುಷ್ಯನ ಘನತೆ ಇದರಲ್ಲಿದೆ ಎಂದು ತೀರ್ಪುಗಾರರು ಹೊಗಳಿದರು. ನಾನೂ ಮೈಕಿನ ಮುಂದೆ ಲೆನ್ಸಿನ ಗುಣಗಾನ ಮಾಡಿದೆ. ಅದೇ ಪ್ರಿಂಟಿನ ಒಂದು ಪ್ರತಿಯನ್ನು ಬೈರಪ್ಪನಿಗೆ ಕೊಟ್ಟಾಗ ಅವನು ಅದನ್ನು ದೂರ ಹಿಡಿದು, ಹತ್ತಿರ ಹಿಡಿದು, “ಯಾರ್ ಮೇಷ್ಟ್ರೆ ಇದು?” ಅಂದ. ಅದನ್ನೂ ನಾನು ಮೆಚ್ಚುಗೆ ಎಂದುಕೊಂಡೆ.

೨೦೦೬ರ ಫೆಬ್ರವರಿಯಲ್ಲಿ ಬೈರಪ್ಪ ತೀರಿಕೊಂಡ. ಎದೆನೋವೆಂದು ಕೂತವನು ಏಳಲಿಲ್ಲವಂತೆ. ಆರನೆಯ ದಿನ ವನಜಮ್ಮ ಮತ್ತು ಭವ್ಯ ನಮ್ಮ ಮನೆಗೆ ಬಂದರು. ಭವ್ಯಳ ಕೈಯಲ್ಲಿ ನಾನು ಕೊಟ್ಟ ಪ್ರಿಂಟಿತ್ತು. ತಿಥಿಯ ದಿನ ಇಡಲು ಪಟ ಮಾಡಿಸಬೇಕೆಂದು ಅವರು ಸ್ಟುಡಿಯೋಕ್ಕೆ ಹೋಗಿದ್ದರು. ಅಲ್ಲಿಯವನು ಕಂಪ್ಯೂಟರಿಗೆ ಹಾಕಿ ನೋಡಿ, ದೊಡ್ಡದು ಮಾಡಿದಷ್ಟೂ ಮುಖ ಕರಗುತ್ತದೆ ಎಂದು ವಾಪಸು ಕೊಟ್ಟಿದ್ದ.

“ಇನ್ನೊಂದು ಇದ್ರೆ ನೋಡಿ ಮೇಷ್ಟ್ರೆ” ಎಂದರು ವನಜಮ್ಮ.

ನಾನು ಅಭ್ಯಾಸಬಲದಿಂದ ಶುರು ಮಾಡಿದೆ. “ಅಮ್ಮಾ, ಈ ಚಿತ್ರದ ವಿಶೇಷವೇ ಅದು. ಈ ಲೆನ್ಸು...”

“ವಿಶೇಷ ಇರ್ಲಿ. ನಂಗೆ ಮುಖ ಕಾಣ್ಬೇಕು. ಈಗ್ಲೇ ಮೂಗಿನ ಹತ್ರ ಹೆಂಗಿತ್ತು ಅಂತ ಮರ್ತ್ ಹೋಗ್ತಾ ಅದೆ.”

ನೆಗೆಟಿವ್ ನನ್ನ ಹತ್ತಿರವೇ ಇದೆ, ಅದರಲ್ಲಿ ಎಲ್ಲ ಇರುತ್ತದೆ, ತಿಥಿಯೊಳಗೆ ಮುಖ ತಂದುಕೊಡುತ್ತೇನೆ ಎಂದು ಮಾತು ಕೊಟ್ಟೆ. ಅವರು ಹೋದ ಮೇಲೆ ನೆಗೆಟಿವನ್ನು ಕಿಟಕಿಗೆ ಹಿಡಿದು ಭೂತಗನ್ನಡಿ ಇಟ್ಟು ನೋಡಿದೆ. ಮೂಲೆಯಲ್ಲಿ ವನಜಮ್ಮ. ಮೂಗುತಿಯ ಹರಳು, ಮುಂದಿನ ಹಲ್ಲಿನ ಸಂದು, ಮೊರದಲ್ಲಿದ್ದ ಕಾಫಿ ಹಣ್ಣಿನ ತೊಟ್ಟು, ಎಲ್ಲ ಕೆತ್ತಿಟ್ಟಂತಿತ್ತು. ಹಿಂದೆ ಬಾಗಿಲಲ್ಲಿ ಬೈರಪ್ಪ, ಒದ್ದೆ ಸ್ಲೇಟನ್ನು ಕೈಯಲ್ಲಿ ಒರೆಸಿದ ಹಾಗೆ. ಒಂದೇ ಲೆನ್ಸು, ಒಂದೇ ಕ್ಷಣ. ಸವರುವ ಸ್ವಭಾವದ ಲೆನ್ಸು ವನಜಮ್ಮನನ್ನು ಯಾಕೆ ಸವರಲಿಲ್ಲ? ಈ ಪ್ರಶ್ನೆಯನ್ನು ನಾನು ಎಂಟು ವರ್ಷದಲ್ಲಿ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಮೊದಲ ಸಲ ಆ ಲೆನ್ಸಿನ ಮೇಲೆ ಸಿಟ್ಟು ಬಂತು.

ಕೊಪ್ಪ ಬಸ್‌ಸ್ಟ್ಯಾಂಡಿನ ಹತ್ತಿರ ಹೂವಪ್ಪನ ಅಂಗಡಿ. ವಾಚು, ರೇಡಿಯೋ, ಮಿಕ್ಸಿ, ಕ್ಯಾಮೆರಾ ಎಲ್ಲ ರಿಪೇರಿ ಮಾಡುತ್ತಾನೆ, ಮಾತು ಕಡಿಮೆ. ಕ್ಯಾಮೆರಾದ ಬೆನ್ನು ಬಿಚ್ಚಿ, ಫಿಲ್ಮ್ ಕೂರುವ ಜಾಗಕ್ಕೆ ಟ್ರೇಸಿಂಗ್ ಪೇಪರ್ ಅಂಟಿಸಿ, ಶಟರನ್ನು ತೆರೆದಿಟ್ಟ. ಈಗ ಲೆನ್ಸು ನೋಡುವುದು ಆ ಕಾಗದದ ಮೇಲೇ ಮೂಡುತ್ತದೆ. ರಿಂಗನ್ನು ಮೂರಕ್ಕಿಟ್ಟು, ಎದುರಿನ ಬೇಕರಿಯ ಬೋರ್ಡಿನ ಕಡೆ ತಿರುಗಿಸಿ, ಮುಂದೆ ಮುಂದೆ ನಡೆದ. ಬೋರ್ಡಿನ ಅಕ್ಷರ ಕಾಗದದ ಮೇಲೆ ಚೂಪಾಗಿ ಮೂಡಿದ ಕಡೆ ನಿಂತು, ಅಲ್ಲಿಂದ ಬೋರ್ಡಿಗೆ ಸ್ಟೀಲ್ ಟೇಪು ಹಿಡಿಸಿದ.

“ಹತ್ತಡಿಗೆ ಎರಡು ಬೆರಳು ಕಮ್ಮಿ. ಕರೆಕ್ಟಾಗಿದೆ” ಅಂದ. “ಲೆನ್ಸಿಗೆ ಏನೂ ಆಗಿಲ್ಲ ಸಾರ್. ಇಷ್ಟು ಚೂಪಾಗಿರೋ ಲೆನ್ಸ್ ನಮ್ಮ ಅಂಗಡಿಗೆ ಬಂದೇ ಇಲ್ಲ. ಕೆಟ್ಟಿರೋದು ಕಿಂಡಿ. ಒಳಗಿನ ಸ್ಕ್ರೂನ ಯಾರೋ ಬೇಕಂತ್ಲೇ ತಿರುವಿದಾರೆ. ಕಿಂಡಿ ಒಂದ್ ಕಡೆ ತೋರಿಸ್ತದೆ, ಲೆನ್ಸು ಅದಕ್ಕಿಂತ ಮುಂದೆ ನೋಡ್ತದೆ.”

“ಮೂರು ಅಂದ್ರೆ ಹತ್ತಡಿನಾ?”

“ಮೂರು ಮೀಟ್ರು ಅಂದ್ರೆ ಹತ್ತಡಿ ಅಲ್ವಾ ಸಾರ್?”

“ಮೀಟರಾ?”

“ಇನ್ನೇನು ಮಾರಾ?” ಎಂದು ಹೂವಪ್ಪ ನಕ್ಕ. ಅವನಿಗೆ ಏನೂ ಗೊತ್ತಿರಲಿಲ್ಲ.

ಒಂಬತ್ತನೇ ತರಗತಿಗೆ ಸ್ಕೇಲ್ ಡ್ರಾಯಿಂಗ್ ಕಲಿಸುವವನು ನಾನು. ಮೀಟರನ್ನು ಸೆಂಟಿಮೀಟರು ಮಾಡದ ಮಕ್ಕಳ ಕಿವಿ ಹಿಂಡಿದವನು. ಹೂವಪ್ಪ ಸ್ಕ್ರೂ ಸರಿ ಮಾಡಿ ಕೊಡುವ ತನಕ ನಾನು ಅಂಗಡಿಯ ಹೊರಗೆ ನಿಂತು ಶಿವಮೊಗ್ಗದ ಬಸ್ಸುಗಳನ್ನು ನೋಡುತ್ತಿದ್ದೆ.

ಮರುದಿನವೇ ಶೃಂಗೇರಿಗೆ ಹೋದೆ. ಉಮಾಮಹೇಶ್ವರರಿಗೆ ಆಗ ಎಂಬತ್ತು. ಪೊರೆ ತೆಗೆಸಿಕೊಂಡು ಪೇಪರಿನ ಸಣ್ಣಕ್ಷರಗಳನ್ನೂ ಓದುತ್ತಿದ್ದರು. ನಾನು ಕೂಗಾಡಿದೆ. ಅವರು ಸಾವಧಾನವಾಗಿ ಕೇಳಿದರು.

“ಸ್ಕ್ರೂ ತಿರುಗಿಸಿದ್ದು ನಾನೇ” ಅಂದರು. “ತಂದಾಗ ಮೂರಕ್ಕೆ ಇಟ್ರೆ ಎರಡು ಮಾರೂ ಬರ್ತಿರಲಿಲ್ಲ. ಹಡಗಲ್ಲಿ ಕುಲುಕಿ ಕೆಟ್ಟಿದೆ ಅಂತ ನನ್ನ ಹಗ್ಗಕ್ಕೆ ಸರಿಯಾಗಿ ಕೂರಿಸಿದೆ. ರಷ್ಯಾದವರೂ ಬೇಸಾಯಗಾರರಲ್ವಾ, ಮಾರಲ್ಲೇ ಅಳೀತಾರೆ ಅಂತ ನಂದು ಅಂದಾಜು.”

“ಅಂದಾಜಾ!”

“ನನ್ನ ಫೋಟೋಗಳೂ ಮಬ್ಬೇ ಬರ್ತಿದ್ದವು. ಕಣ್ಣಿನ ದೋಷ ಅಂದ್ಕೊಂಡೆ, ನಂಗೆ ಕಣ್ಣೂ ಸರಿ ಇರಲಿಲ್ಲವಲ್ಲ. ನಿಂಗೆ ಎಂತ ಆಗಿತ್ತು ಮಾರಾಯ, ಎಂಟು ವರ್ಷ?”

ಕಾಫಿ ಕುಡಿದು ಎದ್ದು ಬಂದೆ.

ತಿಥಿಗೆ ಎರಡು ದಿನ ಉಳಿದಿತ್ತು. ಬಚ್ಚಲಿನಲ್ಲಿ ಕೂತು ಬೈರಪ್ಪನ ಮುಖವನ್ನು ಗಟ್ಟಿ ಕಾಗದದ ಮೇಲೆ, ಮೆದು ಕಾಗದದ ಮೇಲೆ, ಕಪ್ಪಾಗಿ, ಬೆಳ್ಳಗೆ ಏಳೆಂಟು ಸಲ ಹಾಕಿದೆ. ಫಿಲ್ಮಿನ ಮೇಲೆ ಬೀಳದ ಮೂಗು ಕಾಗದದ ಮೇಲೆ ಎಲ್ಲಿಂದ ಬಂದೀತು? ಕೊನೆಗೆ ಸೋತು, ಏನನ್ನೂ ಕತ್ತರಿಸದೆ ಇಡೀ ಚಿತ್ರವನ್ನು ಒಂದು ಸಲ ಹಾಕಿದೆ. ಅದನ್ನು ತೆಗೆದುಕೊಂಡು ಭಂಡಿಗಡಿಗೆ ಹೋದೆ. ಚೀಲದಲ್ಲಿ ಹಗ್ಗವೂ ಇತ್ತು. ಯಾಕೆ ತೆಗೆದುಕೊಂಡು ಹೋದೆನೋ ತಿಳಿಯದು, ಬಹುಶಃ ತಪ್ಪು ಒಪ್ಪಿಕೊಳ್ಳುವಾಗ ತೋರಿಸಲಿಕ್ಕೆ.

ಮನೆಯೊಳಗೆ ಸ್ಟೂಲಿನ ಮೇಲೆ ಹೊಸ ಕಟ್ಟು ಹಾಕಿಸಿದ ಪಟ ಆಗಲೇ ಬಂದು ಕೂತಿತ್ತು. ಭವ್ಯ ನನ್ನನ್ನು ಕಾಯದೆ ಓಟಿನ ಕಾರ್ಡಿನ ಫೋಟೋವನ್ನೇ ದೊಡ್ಡದು ಮಾಡಿಸಿದ್ದಳು. ಅದರಲ್ಲಿ ಕಣ್ಣು, ಮೂಗು, ಬಾಯಿ ಎಲ್ಲ ಇದ್ದವು, ಬೈರಪ್ಪ ಇರಲಿಲ್ಲ.

ವನಜಮ್ಮ ಮೆಟ್ಟಿಲಿನಲ್ಲಿ ಕೂತಿದ್ದರು. ನಾನು ಎದುರಿಗೆ ನಿಂತು ಎಲ್ಲ ಹೇಳಿದೆ. ಮುಖ ತರಲು ಆಗಲಿಲ್ಲ, ಲೆನ್ಸಿನದೇನೂ ತಪ್ಪಿಲ್ಲ, ಅದಕ್ಕೆ ನಿಮ್ಮ ಯಜಮಾನರ ಮುಖ ಕಾಣುತ್ತಿತ್ತು, ನಾನು ಅದನ್ನು ಬೇರೆ ಕಡೆ ತಿರುಗಿಸಿ ಇಟ್ಟಿದ್ದೆ, ಮಸುಕು ಬಂದದ್ದನ್ನು ದೊಡ್ಡ ವಿದ್ಯೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ ಎಂದೆ. ಮೀಟರು, ಮಾರು ಎಂದು ಹಗ್ಗ ತೆಗೆದು ವಿವರಿಸಿದೆ. ಅವರು ಅರ್ಧ ಕೇಳಿದರು. ಅವರ ಕಣ್ಣು ಪ್ರಿಂಟಿನ ಮೇಲಿತ್ತು.

“ಇದು ನಾನಾ?”

“ಹೌದು. ಆವತ್ತು ಮೂಲೆಯಲ್ಲಿ ಬಂದಿದ್ರಿ. ಬಹುಮಾನಕ್ಕೆ ಕಳಿಸುವಾಗ ಕತ್ತರಿಸಿದ್ದೆ.”

“ನಗಾಡ್ತಾ ಇದೀನಲ್ಲ” ಅಂದರು.

ನಾನು ಬಗ್ಗಿ ನೋಡಿದೆ. ಎರಡು ವರ್ಷ ಅದನ್ನು ಬಾಯಿ ತೆರೆದದ್ದು ಎಂದೇ ತಿಳಿದಿದ್ದೆ. ನಗುವೇ ಆಗಿತ್ತು. ಏನೋ ಹೇಳುತ್ತಾ ನಗುತ್ತಿದ್ದರು. ಗಂಡನ ಕಡೆ ತಿರುಗದೆ, ಬೆನ್ನ ಹಿಂದೆ ನಿಂತವನಿಗೆ ಕೇಳುವಂತೆ.

“ಅವ್ರು ಆವಾಗ ಎಂಥದೋ ಅಂದ್ರು. ನಿಮ್ಗೆ ಕೇಳಿರ್ಲಿಕ್ಕಿಲ್ಲ.” ವನಜಮ್ಮ ನನ್ನ ಕೈಯಲ್ಲಿದ್ದ ಹಗ್ಗದ ಕಡೆ ನೋಡಿದರು. “ನೀವು ಈ ಹಗ್ಗ ಹಿಡ್ಕಂಡು ಅಳೀತಿದ್ರಲ್ಲ. ‘ಮೇಷ್ಟ್ರು ಮಾರು ಹಾಕ್ತಾ ಅವ್ರೆ, ನನ್ನ ಯಾರಿಗೆ ಮಾರ್ತಾರೋ ಕೇಳೇ’ ಅಂದ್ರು.”

ಭವ್ಯ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು, ಅಪ್ಪ ನಿಂತಿದ್ದ ಕಡೆ.

“ನೀವೇನಂದ್ರಿ?” ಎಂದು ಕೇಳಿದೆ.

“ಕೊಂಡ್ಕಂಡ್ ಹೋದೋರು ಮಾರನೇ ದಿನಾನೇ ತಂದು ಬಿಟ್ಟೋಗ್ತಾರೆ ಬಿಡಿ, ಅಂದೆ.”

ಅವರ ಮುಖದ ಮೇಲೆ ಚಿತ್ರದಲ್ಲಿದ್ದ ನಗುವೇ ಬರಲು ಹೊರಟಿತು. ಹಲ್ಲಿನ ಸಂದು ಕಾಣುವಷ್ಟು ಬಂದು ಅಲ್ಲೇ ನಿಂತಿತು.

“ಹತ್ತು ದಿನ ಆತು ಮೇಷ್ಟ್ರೆ. ಯಾರೂ ತಂದು ಬಿಡ್ಲಿಲ್ಲ.”

ನನಗೆ ಅಳು ಬಂತು. ಅತ್ತೆ.

ಸ್ವಲ್ಪ ಹೊತ್ತಿನ ಮೇಲೆ ಭವ್ಯ ಆ ಪ್ರಿಂಟನ್ನೂ ಪಟದ ಪಕ್ಕ ಇಡೋಣವೆಂದು ಕೇಳಿದಳು. ವನಜಮ್ಮ ಬೇಡವೆಂದರು. ಅಲ್ಲಿಟ್ಟರೆ ಬಂದವರು ಹೂ ಹಾಕುತ್ತಾರೆ, ಬದುಕಿರೋ ನಾನೂ ಇದೀನಲ್ಲ ಇದರಲ್ಲಿ ಎಂದು ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಹೋದರು. ನಾನು ಹಗ್ಗವನ್ನು ಮಡಚಿ ಚೀಲಕ್ಕೆ ಹಾಕಿ ಬಸ್ಸಿಗೆ ನಡೆದೆ.